ಅತ್ತೆಯ ಬಿಗಿತೋಳು

ಬೆಳಗ್ಗೆ ಹತ್ತು ಹೊಡೆದು ಮೂರು ನಿಮಿಷವಾಗಿತ್ತು. ನಾನು ಬಚ್ಚಲಿನ ಕಟ್ಟೆಯ ಮೇಲೆ ಕೂತು, ಉಗುರುಬೆಚ್ಚಗಿನ ನೀರು ತುಂಬಿದ ಬೋಗುಣಿಯಲ್ಲಿ ಅತ್ತೆ ಆಪರೇಷನ್ ಆದಮೇಲೆ ಎಡಗೈಗೆ ತೊಡುವ ಬಿಗಿತೋಳನ್ನು ಒಳಮಗ್ಗುಲು ಹೊರಗೆ ಮಾಡಿ, ಮಕ್ಕಳ ಶಾಂಪೂ ಎರಡು ತೊಟ್ಟು ಹಾಕಿ ಮೆಲ್ಲಗೆ ಅದುಮುತ್ತಿದ್ದೆ. ತಿಕ್ಕಬಾರದು, ಹಿಂಡಬಾರದು, ಬ್ರಷ್ಷನ್ನಂತೂ ಹತ್ತಿರ ತರಬಾರದು. ಅಷ್ಟರಲ್ಲಿ ಹಾಲಿನ ಬೂತಿನ ನಂಜಮ್ಮ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ತಮ್ಮ ಬಲತೋಳನ್ನು ನನ್ನ ಮೂಗಿನ ಮುಂದೆ ಹಿಡಿದರು.

“ನೋಡಮ್ಮ ಇಲ್ಲಿ. ಕೆಂಪಗಾಗಿದೆಯೋ ಇಲ್ವೋ ನೀನೇ ಹೇಳು.”

ಕೆಂಪಗೇ ಆಗಿತ್ತು. “ಸೊಳ್ಳೆ ಕಚ್ತಾ?” ಅಂದೆ.

“ಸೊಳ್ಳೆಗೆ ಎರಡು ಜಡೆ ಇರುತ್ತಾ? ನಿನ್ನ ಮಗಳು. ಹಾಲಿಗೆ ಕ್ಯೂ ನಿಂತೋರನ್ನೆಲ್ಲ ಸಾಲಾಗಿ ಚಿವುಟಿಕೊಂಡು ಬಂದಳು. ಹನ್ನೊಂದು ಜನ. ನನ್ನ ಹತ್ರ ಬಂದಾಗ ಚಿವುಟಿದ್ದು ಸಾಲದು ಅಂತ ಹಿಡಿದು ಅಲ್ಲಾಡಿಸಿ, ಸ್ವಲ್ಪ ಯೋಚನೆ ಮಾಡಿ, ‘ಇದಲ್ಲ’ ಅಂದಳು. ಇದಲ್ಲ ಅಂತೆ. ಐವತ್ತೆರಡು ವರ್ಷದಿಂದ ನಂದು ಇದೇ ತೋಳು.”

“ತಪ್ಪಾಯ್ತು ನಂಜಮ್ಮ. ಶಾಲೆಯಿಂದ ಬರಲಿ, ಕೇಳ್ತೀನಿ.”

“ಕೇಳು. ಚಿವುಟಿ ಸುಮ್ನೆ ಹೋದಳಾ ಅಂದ್ರೆ ಅದೂ ಇಲ್ಲ. ‘ನಿಮ್ಮನೇಲಿ ನಾಯಿ ಇದ್ಯಾ? ಉಪ್ಪಿಟ್ಟಿಗೆ ಈರುಳ್ಳಿ ಹಾಕ್ತೀರಾ? ಮಲಗುವಾಗ ದೀಪ ಆರಿಸಿಬಿಡ್ತೀರಾ?’ ಜನಗಣತಿಯೋರೂ ಅಷ್ಟು ಕೇಳಲ್ಲ.” ಇಷ್ಟು ಹೇಳುವ ಹೊತ್ತಿಗೆ ನಂಜಮ್ಮ ಗೂಟದ ಮೇಲಿದ್ದ ದಪ್ಪ ಟವೆಲನ್ನು ಎಳೆದು ಮೊಣಕಾಲ ಮೇಲೆ ಹಾಸಿಕೊಂಡಾಗಿತ್ತು. “ಕೊಡು ಈ ಕಡೆ. ಹತ್ತೂ ಎಂಟಾಯ್ತು. ನೀನು ಬಲಗೈದು ತೊಳಿ.”

ತೊಳೆಯುವ ಗಂಟೆಯಲ್ಲಿ ಜಗಳಕ್ಕೆ ಬಂದವರೂ ಟವೆಲು ಸುತ್ತುತ್ತಾರೆ. ನಮ್ಮ ಊರೇ ಹಾಗೆ.

ನಮ್ಮ ಊರಿನಲ್ಲಿ ಆಪರೇಷನ್ ಮಾಡಿ ಮೈಯಿಂದ ತೆಗೆದ ಕೊಬ್ಬು ಹಾಳಾಗಿ ಹೋಗುವುದಿಲ್ಲ. ನಲವತ್ತೆರಡು ದಿನ ಊರೊಳಗೆ ಸುತ್ತಾಡಿಕೊಂಡಿದ್ದು, ಬಾಡಿಗೆ ಮನೆ ಹುಡುಕುವವರ ಹಾಗೆ ಅಲ್ಲಿ ಇಲ್ಲಿ ಇಣುಕಿ ನೋಡಿ, ಕೊನೆಗೆ ಹಿಡಿಸಿದ ಮೈಯೊಂದರಲ್ಲಿ ಬಿಡಾರ ಹೂಡುತ್ತದೆ. ಮೊದಲು ತಟ್ಟುವುದು ಮಾತ್ರ ಹಳೆಯ ಮನೆಯ ಬಾಗಿಲನ್ನೇ. ಅದಕ್ಕೇ ಆಪರೇಷನ್ ಆದವರು ಬಿಗಿಯುಡುಪು ತೊಟ್ಟಿರಬೇಕು. ಕತ್ತಿನದಾದರೆ ಬಿಗಿಪಟ್ಟಿ, ಹೊಟ್ಟೆಯದಾದರೆ ಬಿಗಿನಡು, ತೋಳಿನದಾದರೆ ಬಿಗಿತೋಳು. ದಿನಕ್ಕೆ ಒಂದು ಗಂಟೆ ಮಾತ್ರ ಬಿಡುವು, ಹತ್ತರಿಂದ ಹನ್ನೊಂದು. ಆ ಹೊತ್ತಿನಲ್ಲಿ ಅದು ಊರಾಚೆ ಹೋಗಿರುತ್ತದೆ. ಎಲ್ಲಿಗೆ ಅಂತ ಯಾರೂ ಕೇಳಿಲ್ಲ. ಅಂಚೆ ಕಚೇರಿ ಮಧ್ಯಾಹ್ನ ಯಾಕೆ ಮುಚ್ಚಿರುತ್ತದೆ ಅಂತ ನಾವು ಕೇಳುತ್ತೇವೆಯೇ? ಆ ಒಂದು ಗಂಟೆಯಲ್ಲಿ ಬಿಚ್ಚಿ, ತೊಳೆದು, ಒಣಗಿಸಿ, ಪೆನ್ಸಿಲ್ ಕಾರ್ಖಾನೆಯ ಹನ್ನೊಂದರ ಸೈರನ್ ಕೂಗುವುದರೊಳಗೆ ಮತ್ತೆ ತೊಟ್ಟಿರಬೇಕು. ಇಲ್ಲದಿದ್ದರೆ ಹೋದದ್ದು ಹೋದ ಹಾಗೆಯೇ ವಾಪಸು ಬಂದು ಕೂರುತ್ತದೆ.

ಇದರಿಂದ ಊರಿಗೆ ನಷ್ಟವೇನೂ ಆಗಿಲ್ಲ. ಅಂಚೆ ಗುಮಾಸ್ತರ ಎರಡನೇ ಗಲ್ಲ ತರಕಾರಿ ರಾಚಪ್ಪನಿಗೆ ಹೋದ ಮೇಲೆ ರಾಚಪ್ಪನ ಜೊತೆ ಯಾರೂ ಚೌಕಾಸಿ ಮಾಡುವುದಿಲ್ಲ, ಅಷ್ಟು ಗಾಂಭೀರ್ಯ ಬಂದಿದೆ ಮುಖಕ್ಕೆ. ಪುರಸಭೆಯ ಅಧ್ಯಕ್ಷರ ಹೊಟ್ಟೆ ಯೋಗದ ಮೇಷ್ಟ್ರಿಗೆ ಬಂತು. ಪಾಪ, ಅವರು ಪಾಠ ನಿಲ್ಲಿಸಲಿಲ್ಲ. ಶವಾಸನ ಈಗಲೇ ಹೆಚ್ಚು ಸುಖ ಅನ್ನುತ್ತಾರೆ.

ನಮ್ಮತ್ತೆ ಚಂದ್ರಮತಿ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಒಂದು ಅಂದರೆ ಕೈ ಮೇಲೆ, ಎರಡು ಅಂದರೆ ಪಕ್ಕಕ್ಕೆ, ಮೂರು ಅಂದರೆ ಕೆಳಗೆ. ಮೂರು ಅಂದಮೇಲೂ ಅವರ ತೋಳಿನ ಕೆಳಗಿನ ಮೆತ್ತನೆಯ ಭಾಗ ನಾಲ್ಕು, ಐದು ಅಂತ ತನ್ನ ಪಾಡಿಗೆ ತಾನು ಡ್ರಿಲ್ ಮುಂದುವರಿಸುತ್ತಿತ್ತು. ಮುಂದಿನ ಸಾಲಿನ ಹುಡುಗಿಯರು ತುಟಿ ಕಚ್ಚಿಕೊಂಡು ನಿಲ್ಲುತ್ತಿದ್ದರು. ಅತ್ತೆಯೂ ನಗುತ್ತಿದ್ದರು. ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ ಒಂದು ದಿನ ಊಟಕ್ಕೆ ಕೂತಾಗ, “ನಾನು ನಿಲ್ಲಿಸಿದಾಗ ನಿಲ್ಲುವಂಥ ತೋಳು ಬೇಕು ನಂಗೆ. ಡಾಕ್ಟರ ಹತ್ರ ಮಾತಾಡಿ ಬಂದಿದೀನಿ,” ಅಂದರು.

ನನ್ನ ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. “ಈ ವಯಸ್ಸಲ್ಲಿ ಯಾರಮ್ಮ ನೋಡ್ತಾರೆ?”

“ಮೂವತ್ತೊಂದು ವರ್ಷ ಊರೆಲ್ಲ ನೋಡಿದೆ ಕಣೋ. ಇನ್ನು ನಾನು ನೋಡ್ಕೋಬೇಕು. ಸಾರು ಹಾಕು ವಾರಿಜಾ.”

ನಾನು ಸಾರು ಹಾಕಿದೆ. ನನ್ನ ಗಂಡ ಮಾರನೇ ವಾರ ಗೂಡ್ಸ್ ಗಾಡಿಯ ಡ್ಯೂಟಿಗೆ ಹೋದರು. ಆಪರೇಷನ್ ಆಯಿತು.

ಮನೆಗೆ ಬಂದಾಗ ಅತ್ತೆ ಮಣಿಕಟ್ಟಿನಿಂದ ಹೆಗಲವರೆಗೆ ಎರಡು ಬಿಗಿತೋಳು ತೊಟ್ಟು, ಸೈನ್ಯದಿಂದ ರಜೆಯ ಮೇಲೆ ಬಂದವರ ಹಾಗೆ ನೆಟ್ಟಗೆ ಕೂತಿದ್ದರು. ಕೈಯನ್ನು ಹೆಗಲಿಗಿಂತ ಮೇಲೆ ಎತ್ತುವಂತಿಲ್ಲ. ತಲೆ ಬಾಚುವುದು ನಾನು, ಕುಂಕುಮ ಇಡುವುದು ನಾನು, ಮೂಗು ಕೆರೆದರೂ ನಾನೇ. ತೊಡಿಸುವುದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು. ಬರಿಗೈಯಲ್ಲಿ ಎಳೆದರೆ ಉಗುರು ತಾಗಿ ನೂಲು ಬಿಡುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು, ಕಾಲುಚೀಲದ ಹಾಗೆ ನೆರಿಗೆ ಮಾಡಿ, ಮಣಿಕಟ್ಟಿನಿಂದ ಒಂದೊಂದೇ ಬೆರಳಗಲ ಮೇಲಕ್ಕೆ ಸವರಬೇಕು. ಹೊಲಿಗೆ ಹೊರಮಗ್ಗುಲಿಗೆ ಬರಬೇಕು. ಮೊಣಕೈ ಹತ್ತಿರ ಒಂದು ಸುಕ್ಕು ಉಳಿದರೂ ಸಂಜೆಗೆ ಅಲ್ಲಿ ಬರೆ ಏಳುತ್ತದೆ. ಹೆಗಲು ಮುಟ್ಟಿದಾಗ ಇಬ್ಬರಿಗೂ ಬೆವರು. “ಮದುವೆ ದಿನ ಬಳೆ ತೊಡಿಸಿದೋಳೂ ಇಷ್ಟು ಕಷ್ಟಪಟ್ಟಿರಲಿಲ್ಲ ನಿನ್ನ ಹಾಗೆ,” ಅನ್ನುತ್ತಿದ್ದರು ಅತ್ತೆ.

ಬದಲಿ ಜೊತೆಯೊಂದು ಇದ್ದಿದ್ದರೆ ಈ ಓಟವೇ ಇರುತ್ತಿರಲಿಲ್ಲ. ತರಿಸಿದ್ದೆವು. ಡಬ್ಬ ಬಿಚ್ಚಿದರೆ ಒಳಗೆ ಗಲ್ಲದ ಬಿಗಿಪಟ್ಟಿ ಇತ್ತು. ಅತ್ತೆ ಅದನ್ನೂ ಒಮ್ಮೆ ಕಟ್ಟಿಕೊಂಡು ಕನ್ನಡಿ ನೋಡಿ, ಹಲ್ಲುನೋವು ಬಂದ ರಾಣಿಯ ಹಾಗಿದೀನಿ ಅಂದು ನಕ್ಕು ವಾಪಸು ಕಳಿಸಿದರು. ಬದಲಿ ಬರಲೇ ಇಲ್ಲ. ಹೀಗೆ ಇರುವುದು ಒಂದೇ ಜೊತೆ, ಒಂದೇ ಗಂಟೆ. ಬಿಸಿಲಿಗೆ ಹಾಕಿದರೆ ಎಳೆತ ಸಡಿಲವಾಗುತ್ತದೆ, ಇಸ್ತ್ರಿಪೆಟ್ಟಿಗೆ ತೋರಿಸಿದರೆ ಸತ್ತೇಹೋಗುತ್ತದೆ. ಟವೆಲಿನಲ್ಲಿ ಸುತ್ತಿ ಅದುಮಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಚಪ್ಪಟೆ ಹಾಸಿ ಬೀಸಬೇಕು. ಫ್ಯಾನನ್ನು ನಂಬುವಂತಿಲ್ಲ, ಕರೆಂಟು ಹೋಗುವುದೂ ಹತ್ತರ ಮೇಲೆಯೇ. ಹಾಗಾಗಿ ಬೀದಿಯವರೆಲ್ಲ ಬೀಸಣಿಗೆಯನ್ನೋ ಹಳೆಯ ಕ್ಯಾಲೆಂಡರನ್ನೋ ಹಿಡಿದು ಸರದಿಯಂತೆ ಬರುತ್ತಿದ್ದರು. ಯಾರ ಮನೆಯಲ್ಲಿ ತೊಳೆಯುವ ಗಂಟೆ ನಡೆಯುತ್ತಿದ್ದರೂ ಹೀಗೆಯೇ. ಅಧ್ಯಕ್ಷರ ಬಿಗಿನಡುವಿಗೆ ನಾನೂ ಬೀಸಿ ಬಂದಿದ್ದೇನೆ, ಅದು ಹಾಸಿಗೆಯಷ್ಟು ಅಗಲವಿತ್ತು.

ಈ ಸಂಭ್ರಮದಲ್ಲಿ ನಗು ಇಲ್ಲದ್ದು ಒಬ್ಬಳಿಗೇ. ನನ್ನ ಮಗಳು ಕೌಮುದಿಗೆ.

ಅವಳಿಗೆ ಆರು ವರ್ಷ. ಹುಟ್ಟಿದ ಹದಿನೈದನೇ ದಿನದಿಂದ ಅವಳು ನಿದ್ದೆ ಹೋಗುತ್ತಿದ್ದದ್ದು ಅತ್ತೆಯ ತೋಳಿನ ಆ ಮೆತ್ತನೆಯ ಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಬೇರೆ ಮಕ್ಕಳಿಗೆ ಹೆಬ್ಬೆರಳು, ಸೆರಗು, ಗೊಂಬೆ. ಇವಳಿಗೆ ಅಜ್ಜಿಯ ತೋಳು. ಹಿಡಿದು ಎರಡು ಸಲ ತೂಗುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಆಪರೇಷನ್ ಆದಮೇಲೆ ಗಾಯ ಮಾಗುವ ತನಕ ಅಂತ ಅವಳನ್ನು ನನ್ನ ಪಕ್ಕಕ್ಕೆ ಮಲಗಿಸಿಕೊಂಡೆ. ಬೆಳಗ್ಗೆ ಎದ್ದಾಗ ಅವಳ ಕಣ್ಣು ಕೆಂಪಗಿರುತ್ತಿತ್ತು, ಶಾಲೆಯಲ್ಲಿ ಮಗ್ಗಿ ಹೇಳುತ್ತ ಹೇಳುತ್ತ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ನನ್ನ ತೋಳು ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ. ಹಿಡಿದು ನೋಡಿ, ಕೆಲಸಕ್ಕೆ ಬಾರದ ಕೀಲಿಯನ್ನು ಹಿಂದಕ್ಕೆ ಕೊಡುವ ಹಾಗೆ ಮೆಲ್ಲಗೆ ಬಿಡುತ್ತಿದ್ದಳು. ಅಜ್ಜಿಯ ಹತ್ತಿರಕ್ಕಂತೂ ಹೋಗುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತು ಆ ಚರ್ಮದ ಬಣ್ಣದ ಬಿಗಿತೋಳುಗಳನ್ನು ನೋಡಿ ಹೊರಟುಹೋಗುವಳು.

ಕೇಳಬೇಕಾದದ್ದು ಏನೋ ಅವಳ ಗಂಟಲಲ್ಲಿತ್ತು. ಅದು ನನಗೆ ಗೊತ್ತಿತ್ತು, ಒತ್ತಾಯ ಮಾಡಿದರೆ ಇನ್ನೂ ಒಳಗೆ ಹೋಗುತ್ತದೆ ಅನ್ನುವುದೂ ಗೊತ್ತಿತ್ತು. ಹಾಗಾಗಿ ನಂಜಮ್ಮ ದೂರು ಹೇಳಿಹೋದ ದಿನ ಸಂಜೆ ಅವಳ ಜಡೆ ಬಿಚ್ಚುತ್ತ ಸುಮ್ಮನೆ ಮಾತಿಗೆ ಅನ್ನುವಂತೆ ಕೇಳಿದೆ.

“ಏನು ಹುಡುಕ್ತಿದೀಯ ಪುಟ್ಟಿ, ಎಲ್ಲರ ತೋಳಲ್ಲಿ?”

“ಅಜ್ಜೀದು.”

“ಸಿಕ್ಕಿದ್ರೆ ಏನ್ಮಾಡ್ತೀಯ?”

“ಏನಿಲ್ಲ. ಸುಮ್ನೆ.”

ಸಿಕ್ಕರೆ ಹಿಡಿದುಕೊಂಡು ಒಂದು ನಿದ್ದೆ ತೆಗೆಯುವ ಆಸೆ ಇರಬೇಕು ಅಂದುಕೊಂಡೆ. “ಜನರನ್ನ ಕೇಳದೆ ಚಿವುಟಬಾರದು,” ಅಂತಷ್ಟೇ ಹೇಳಿದೆ. ಮಾರನೇ ದಿನದಿಂದ ಅವಳು ಕೇಳಿ ಚಿವುಟತೊಡಗಿದಳು.

ಊರಿಗೆ ಇದು ಹೊಸ ಮೋಜಾಯಿತು. ಬಸ್ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲು ತೋಳು ಮುಂದೆ ಮಾಡಿ, “ಚೆಕಿಂಗ್ ಮೇಡಂ, ನಂದು ನೋಡಿಬಿಡಿ,” ಅನ್ನುತ್ತಿದ್ದ. ರಾಚಪ್ಪ ಬದನೆಕಾಯಿಯ ರಾಶಿಯ ಮೇಲಿಂದ ಎರಡೂ ತೋಳು ಚಾಚಿ, ತನ್ನ ಎರಡನೇ ಗಲ್ಲವನ್ನೂ ಎತ್ತಿ ತೋರಿಸಿದ. ಮೂರನೇ ದಿನ ಶಾಲೆಯಿಂದ ಚೀಟಿ ಬಂತು. “ತಮ್ಮ ಮಗಳು ಸಂಗೀತದ ಮೇಷ್ಟ್ರ ತೋಳನ್ನು ತರಗತಿಯ ನಡುವೆ ಪರೀಕ್ಷಿಸಿರುತ್ತಾಳೆ. ಇದು ಮರುಕಳಿಸದಂತೆ ನೋಡಿಕೊಳ್ಳುವುದು.” ಕೆಳಗೆ ಹೆಡ್ ಮಿಸ್ ತಮ್ಮ ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು: “ಚಂದ್ರಮತಿ ಟೀಚರಿಗೆ ನಮಸ್ಕಾರ. ನಲವತ್ತೆರಡು ಯಾವ ದಿನಕ್ಕೆ ಬೀಳುತ್ತದೆ? ಸುಮ್ಮನೆ ಕೇಳಿದೆ.”

ಹೆಡ್ ಮಿಸ್ ಬಲು ತೆಳ್ಳಗಿನವರು, ಅದು ತಮಗೆ ಬರಲಿ ಅನ್ನುವ ಆಸೆ ಅವರಿಗೂ ಇತ್ತು. ಆದರೆ ನಿಜವಾಗಿ ಕಾದು ಕೂತಿದ್ದವಳು ಲೈಬ್ರರಿಯ ಸುನಂದ. ಅವಳ ಕೈಗೆ ಎಷ್ಟು ಸಣ್ಣ ಬಳೆ ಹಾಕಿದರೂ ಪುಸ್ತಕಕ್ಕೆ ಮುದ್ರೆ ಒತ್ತುವಾಗ ಜಾರಿ ಮೇಜಿನ ಮೇಲೆ ಬೀಳುತ್ತಿತ್ತು. ದಿನಾ ಹನ್ನೊಂದರ ಸೈರನ್ ಆದಮೇಲೆ ಅವಳು ನಮ್ಮ ಜಗಲಿಗೆ ಬಂದು, ರವಿಕೆಯ ತೋಳನ್ನು ಹೆಗಲವರೆಗೆ ಮಡಚಿ, ಆಕಾಶ ನೋಡುತ್ತ ಕೂರುತ್ತಿದ್ದಳು.

“ಏನೇ ಸುನಂದ, ಬಲೆ ಬೀಸಿಕೊಂಡು ಕೂತಿದೀಯ,” ಅಂತ ನಂಜಮ್ಮ ರೇಗಿಸುವರು.

“ಬಿಸಿಲು ಕಾಯಿಸ್ಕೋತಿದೀನಿ ನಂಜಮ್ಮ. ಬಂದ್ರೆ ಬರ್ಲಿ, ನಾನೇನು ಕರೀತಿಲ್ಲ.”

“ಬಲತೋಳಿಗೆ ಮಾತ್ರ ಬಂದು ಎಡಕ್ಕೆ ಬರದಿದ್ರೆ ಏನ್ಮಾಡ್ತೀಯ?”

“ಬಲಗೈಗೇ ಎರಡು ಡಜನ್ ಬಳೆ ಹಾಕ್ಕೊತೀನಿ, ಬಿಡಿ.”

ಕೌಮುದಿ ಸುನಂದಳನ್ನು ದಿನಾ ಪರೀಕ್ಷಿಸುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಪಕ್ಕ ಕೂತು, “ನಿಮ್ಮನೇಲಿ ಎಷ್ಟು ಹಾಸಿಗೆ ಇದೆ ಆಂಟಿ?” ಅಂತ ಕೇಳಿದ್ದು ಒಳಗಿದ್ದ ನನಗೆ ಕೇಳಿಸಿತು.

“ಒಂದೇ. ನಾನೊಬ್ಬಳೇ ಅಲ್ವಾ?”

“ಅಗಲ ಇದ್ಯಾ?”

“ನನ್ನಷ್ಟೇ ಅಗಲ.”

ಸುನಂದ ತಾನೇ ನಕ್ಕಳು. ನಾನೂ ಒಳಗೆ ಅಕ್ಕಿ ಆರಿಸುತ್ತ ನಕ್ಕೆ. ಕೌಮುದಿ ನಗಲಿಲ್ಲ. ಎದ್ದುಹೋಗಿ ಶಾಲೆಯ ಚೀಲ ತೆರೆದು ಏನೋ ಜೋಡಿಸತೊಡಗಿದಳು. ಆಟವಾಡಲಿ ಅಂತ ಬಿಟ್ಟೆ.

ನಲವತ್ತನೇ ದಿನದ ಒಂದು ಸಂಗತಿಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅವತ್ತು ಹತ್ತೂವರೆಗೇ ಎರಡೂ ಬಿಗಿತೋಳು ಒಣಗಿ, ಬೀಸುವವರು ಮನೆಗೆ ಹೋಗಿದ್ದರು. ನಾನು ಬಲಗೈಯದನ್ನು ತೊಡಿಸಿ ಬಂದು, ಎಡಗೈಯದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಶಾಲೆಯಿಂದ ಫೋನ್ ಬಂದಿತ್ತು, ಕೌಮುದಿ ಪ್ರಾರ್ಥನೆಗೆ ನಿಂತವಳು ನಿಂತಲ್ಲೇ ತೂಕಡಿಸಿ ಬಿದ್ದಳು, ಗಾಬರಿ ಏನಿಲ್ಲ, ಮೊಣಕಾಲು ತರಚಿದೆ ಅಂತ. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ನಾನು ಇನ್ನೊಂದು ಹದಿನೈದು ನಿಮಿಷ ಹೀಗೇ ಕೂತರೆ ಸಾಕು ಅನ್ನಿಸಿತು. ಒಂದು ತೋಳಿಗಾದರೂ ಅದು ವಾಪಸು ಬರುತ್ತದೆ. ಮಗುವಿಗೆ ಒಂದು ತೋಳು ಸಾಕು. ಬಟ್ಟೆ ಒಣಗಲಿಲ್ಲ ಅತ್ತೆ ಅಂದರೆ ಮುಗಿಯಿತು, ಅವರು ನನ್ನನ್ನು ಒಂದು ಮಾತೂ ಅನ್ನುವವರಲ್ಲ.

ಆಗ ಒಳಗಿನ ಕೋಣೆಯಲ್ಲಿ ಅತ್ತೆ ನಗುವುದು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದೆ. ಕನ್ನಡಿಯ ಮುಂದೆ ನಿಂತು ಅವರು ಕೈಯನ್ನು ಹೆಗಲಿನ ಎತ್ತರದವರೆಗೆ, ಡಾಕ್ಟರು ಹೇಳಿದಷ್ಟೇ, ಪಕ್ಕಕ್ಕೆ ಚಾಚಿ, “ಎರಡು,” ಅಂದರು. ಇಳಿಸಿ, “ಮೂರು,” ಅಂದರು. ಕೈ ನಿಂತಿತು. ನಾಲ್ಕಿಲ್ಲ, ಐದಿಲ್ಲ. ಅತ್ತೆ ತಮ್ಮ ತೋಳನ್ನು ತಾವೇ, ಒಳ್ಳೆಯ ಅಂಕ ತೆಗೆದ ಹುಡುಗಿಯ ಬೆನ್ನು ತಟ್ಟುವ ಹಾಗೆ ತಟ್ಟಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದರು.

ನಾನು ರಬ್ಬರ್ ಗ್ಲೌಸ್ ಹಾಕಿಕೊಂಡು ಒಳಗೆ ಹೋದೆ. ಅವತ್ತು ಸೈರನ್ ಕೂಗುವ ಮೊದಲು ಹೊಲಿಗೆಯೂ ನೆಟ್ಟಗೆ ಕೂತಿತ್ತು.

ನಲವತ್ತೆರಡನೇ ದಿನ ಭಾನುವಾರ ಬಂತು. ಕೊನೆಯ ತೊಳೆತ. ಅವತ್ತೊಂದು ದಿನ ಕಳೆದರೆ ಸೋಮವಾರ ಬೆಳಗ್ಗೆ ಅತ್ತೆಯ ತೋಳು ಅತ್ತೆಯದು, ತೆಗೆದದ್ದು ಯಾರ ಪಾಲಿಗೋ ಅವರದು. ಅರ್ಧ ಊರೇ ನಮ್ಮ ಮನೆಯಲ್ಲಿತ್ತು. ಹೆಡ್ ಮಿಸ್ ಹೊಸ ಬೀಸಣಿಗೆ ಹಿಡಿದು, ಸೀರೆಗೆ ಪಿನ್ ಹಾಕಿ, ಫೋಟೋ ತೆಗೆಯಲು ಬಂದವರ ಹಾಗೆ ಬಂದಿದ್ದರು. ನಾನು ತೊಳೆದು ಟವೆಲಿನಲ್ಲಿ ಅದುಮಿ ಎರಡನ್ನೂ ಚಾಪೆಯ ಮೇಲೆ ಹಾಸಿದೆ. ನಂಜಮ್ಮ ತಂದಿದ್ದ ರವೆ ಉಂಡೆಯನ್ನು ಎಲ್ಲರಿಗೂ ಹಂಚಲು ಒಳಗೆ ಹೋಗಿ ತಟ್ಟೆ ತರುವಷ್ಟು ಹೊತ್ತು, ಉಂಡೆ ತಿನ್ನಲು ಎಲ್ಲರೂ ಬೀಸಣಿಗೆ ಕೆಳಗಿಡುವಷ್ಟು ಹೊತ್ತು. ತಿರುಗಿ ನೋಡಿದರೆ ಚಾಪೆಯ ಮೇಲೆ ಬಲಗೈಯದು ಮಾತ್ರ ಇತ್ತು.

“ಎಡಗೈದು ಎಲ್ಲಿ?” ಅಂದೆ.

ಎಲ್ಲರೂ ತಾವು ಕೂತ ಜಾಗ ಬಿಟ್ಟು ಎದ್ದು, ತಮ್ಮ ತಮ್ಮ ಹಿಂಭಾಗ ನೋಡಿಕೊಂಡರು. ಟವೆಲು ಕೊಡವಿದೆವು, ಚಾಪೆ ಎತ್ತಿದೆವು, ಬೆಕ್ಕನ್ನು ತಲೆಕೆಳಗು ಮಾಡಿ ನೋಡಿದ್ದಾಯಿತು. ಹತ್ತೂ ನಲವತ್ತು. ಒಣಗಿದ್ದ ಬಲಗೈಯದನ್ನು ಒಳಗೆ ಹೋಗಿ ಅತ್ತೆಗೆ ತೊಡಿಸಿ ಬಂದೆ. ಹತ್ತೂ ನಲವತ್ತೈದು. ಹೆಡ್ ಮಿಸ್ ಅಡುಗೆಮನೆಯ ಡಬ್ಬಗಳನ್ನೂ ತೆಗೆದು ನೋಡಿ, “ಸಾಸಿವೆ ಮುಗೀತಾ ಬಂದಿದೆ ವಾರಿಜಾ,” ಅಂದರು. ಕೊನೆಗೆ ಹಿತ್ತಲಿನಿಂದ ಸುನಂದ ಕರೆದಳು. ನೀರಿನ ತೊಟ್ಟಿಯೊಳಗೆ ಬಿಗಿತೋಳು ಹಾವಿನ ಪೊರೆಯ ಹಾಗೆ ತೇಲುತ್ತಿತ್ತು. ತೊಟ್ಟಿಯ ಪಕ್ಕ ಕೌಮುದಿ ನಿಂತಿದ್ದಳು, ಮೊಣಕೈವರೆಗೆ ಒದ್ದೆ. ಬೆನ್ನಿಗೆ ಶಾಲೆಯ ಚೀಲ.

ಅವಳು ಓಡಿಹೋಗಲಿಲ್ಲ, ಅಳಲೂ ಇಲ್ಲ. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ನಾನು ಎರಡು ದಿನದ ಹಿಂದೆ ಮಾಡಬೇಕೆಂದುಕೊಂಡು ಬಿಟ್ಟದ್ದನ್ನು ಅವಳು ಮಾಡಿದ್ದಳು. ಯಾವ ಬಾಯಲ್ಲಿ ಬೈಯಲಿ?

ಒದ್ದೆಯಾದದ್ದನ್ನು ತೊಡಿಸಿದರೆ ಬಾಗಿಲು ಹಾಕಿದ ಹಾಗಲ್ಲ, ಪರದೆ ಇಳಿಬಿಟ್ಟ ಹಾಗೆ. ಮಾಗುತ್ತಿರುವ ಚರ್ಮವೂ ಕಿತ್ತುಬರುತ್ತದೆ. ಒಣಗಲು ಇನ್ನು ಒಂದು ಗಂಟೆಯಾದರೂ ಬೇಕು. ಸೈರನ್ನಿಗೆ ಎಂಟು ನಿಮಿಷವಿತ್ತು.

ಅತ್ತೆ ಬಾಗಿಲಿಗೆ ಬಂದಿದ್ದರು. ಬಲಗೈಗೆ ಬಿಗಿತೋಳು, ಎಡಗೈ ಬರಿದು. ಅವರ ಬರಿಯ ತೋಳನ್ನು ಬೀದಿಯವರು ನೋಡಿದ್ದು ಅದೇ ಮೊದಲು. ಕಂಕುಳಿನಿಂದ ಮೊಣಕೈವರೆಗೆ ತೆಳ್ಳಗಿನ ಗುಲಾಬಿ ಗೆರೆ, ಸುತ್ತ ಎಳೆಯ ಮರದ ಹಾಗಿದ್ದ ತೋಳು. ಅವರು ತೊಟ್ಟಿಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. “ಹೋಗ್ಲಿ ಬಿಡಿ,” ಅಂದರು. “ಒಂದು ಕೈ ಆದ್ರೂ ಉಳೀತು.” ಆ ಮಾತು ಹೇಳುವಾಗ ಅವರ ಬಲಗೈ ತನಗೇ ಗೊತ್ತಿಲ್ಲದ ಹಾಗೆ ಎಡತೋಳನ್ನು ಹಿಡಿದುಕೊಂಡಿತ್ತು.

ಅದನ್ನು ನೋಡಿದ್ದು ನಂಜಮ್ಮ. “ಅದೇ ಸರಿ,” ಅಂದರು. “ಕೈಯಲ್ಲೇ ಹಿಡಿಯೋಣ. ಬಿಗಿ ಅಂದ್ರೆ ಬಿಗಿ, ಬಟ್ಟೆದಾದ್ರೇನು, ಬೆರಳಿಂದಾದ್ರೇನು? ಬನ್ರೇ.”

ಅತ್ತೆಯನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿದೆವು. ಮಣಿಕಟ್ಟು ನಂಜಮ್ಮನದು, ಇಪ್ಪತ್ತು ವರ್ಷ ಹಾಲಿನ ಕ್ಯಾನು ಎತ್ತಿದ ಮುಷ್ಟಿ. ಅದರ ಮೇಲೆ ಹೆಡ್ ಮಿಸ್. ಮೊಣಕೈಗೆ ನಾನು, ಸುಕ್ಕು ಬೀಳುವ ಜಾಗ ನನಗೇ ಗೊತ್ತಿದ್ದದ್ದು. ಅದರ ಮೇಲಿನ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಸುನಂದಳನ್ನು ನೋಡಿದರು. ಅತ್ತೆಯ ತೋಳಿಗೆ ಅದು ಬರಬಾರದು ಅಂತ ಹಿಡಿಯಬೇಕಾಗಿದ್ದದ್ದು, ತನ್ನ ತೋಳಿಗೆ ಬರಲಿ ಅಂತ ಕಾದು ಕೂತಿದ್ದವಳ ಕೈ. ಹಿಡಿದರೆ ಅವಳ ತೋಳೂ ಕೆಲಸದಲ್ಲಿರುತ್ತದೆ, ಬಿಗಿಯಾಗಿರುತ್ತದೆ, ಬಂದದ್ದು ಅಲ್ಲೂ ಇಳಿಯಲಾರದು. ಸುನಂದ ಮಡಚಿದ್ದ ರವಿಕೆಯ ತೋಳನ್ನು ಕೆಳಕ್ಕೆ ಬಿಟ್ಟು ಬಂದು ಎರಡೂ ಕೈಯಲ್ಲಿ ಹಿಡಿದಳು.

“ಎಷ್ಟು ಗಟ್ಟಿ ಹಿಡೀತೀಯೇ,” ಅಂದರು ಅತ್ತೆ.

“ದಿನಾ ಸಾವಿರ ಮುದ್ರೆ ಒತ್ತೋ ಕೈ ಟೀಚರ್.”

ಆ ಹೊತ್ತಿಗೆ ಸೈರನ್ ಕೂಗಿತು. ರಾಚಪ್ಪ ಮತ್ತು ಕಂಡಕ್ಟರ್ ಅಂಗಳದಲ್ಲಿ ಒದ್ದೆ ಬಿಗಿತೋಳಿಗೆ ಎರಡು ಕಡೆಯಿಂದ ಮೊರ ಹಿಡಿದು ಬೀಸುತ್ತಿದ್ದರು. ನಾವು ನಾಲ್ವರು ಉಸಿರು ಬಿಗಿಹಿಡಿದು, ಅಂಗೈ ಅಂಗೈಗೆ ಒತ್ತಿ ಕೂತೆವು. ಆಗ ತಿಳಿದದ್ದೇನೆಂದರೆ ಚಂದ್ರಮತಿ ಟೀಚರಿಗೆ ವಿಪರೀತ ಕಚಗುಳಿ.

“ನಗಬೇಡಿ ಟೀಚರ್, ಕೈ ಅಲ್ಲಾಡುತ್ತೆ,” ಅಂದಳು ಸುನಂದ.

“ನಾನೆಲ್ಲಿ ನಗ್ತಿದೀನಿ, ನಿಮ್ಮ ಹೆಡ್ ಮಿಸ್ ಬೆರಳು ನಗಿಸ್ತಿದೆ.”

“ನಾನು ಬೆರಳು ಆಡಿಸ್ತಿಲ್ಲ ಚಂದ್ರಮತಿಯವರೆ.” ಹೆಡ್ ಮಿಸ್ ಎಷ್ಟು ಗಂಭೀರವಾಗಿ ಹೇಳಿದರೆಂದರೆ ಅತ್ತೆ ಬೆಂಚಿನ ಮೇಲೆ ಅರ್ಧ ವಾಲಿದರು. ಅವರು ವಾಲಿದ ಕಡೆಗೆ ನಾವು ನಾಲ್ವರೂ ವಾಲಿದೆವು. ಅಷ್ಟರಲ್ಲಿ ನಂಜಮ್ಮನ ಮೂಗು ಕೆರೆಯತೊಡಗಿತು. ಕೈ ಬಿಡುವಂತಿಲ್ಲ. ಅವರು ಮೂಗನ್ನು ಹೆಡ್ ಮಿಸ್ಸಿನ ಹೆಗಲಿಗೆ ಒರೆಸಿದರು, ಹೆಡ್ ಮಿಸ್ ಇಸ್ತ್ರಿ ಸೀರೆ ಅಂದರು, ಸುನಂದ ಎಷ್ಟು ಜೋರಾಗಿ ನಕ್ಕಳೆಂದರೆ ಅವಳ ಬಳೆ ಜಾರಿ ಅತ್ತೆಯ ಮಡಿಲಿಗೆ ಬಿತ್ತು. ಅಂಗಳದಲ್ಲಿ ಕಂಡಕ್ಟರ್, “ರೈಟ್, ರೈಟ್, ಹೋಗ್ತಾ ಇರಿ,” ಅಂತ ಬೀಸುವುದನ್ನು ಇನ್ನೂ ಜೋರು ಮಾಡಿದ. ಒಂದು ಗಂಟೆ ಹೀಗೆಯೇ ನಗುತ್ತ ಕೂರಬಹುದು ಅನ್ನಿಸಿತು ನನಗೆ.

ಆಗ ಅತ್ತೆ ತಟ್ಟನೆ ಸುಮ್ಮನಾದರು. “ಕಂಕುಳ ಕೆಳಗೆ ತಣ್ಣಗಾಗ್ತಿದೆ,” ಅಂದರು. “ಅಲ್ಲಿ ಯಾರೂ ಹಿಡಿದಿಲ್ಲ.”

ಸುನಂದ ಬೆರಳು ತೂರಿಸಲು ನೋಡಿದಳು, ಆಗಲಿಲ್ಲ. ಕೈಯನ್ನು ಹೆಗಲಿನ ಮೇಲಕ್ಕೆ ಎತ್ತಿಸುವಂತಿಲ್ಲ. ತೋಳಿಗೂ ಪಕ್ಕೆಗೂ ನಡುವೆ ಅಷ್ಟೇ ಸಂದು. ದೊಡ್ಡವರ ಕೈ ಅಲ್ಲಿ ಹೋಗುವುದಿಲ್ಲ.

ಕೌಮುದಿ ಕಂಬದ ಹಿಂದೆ ನಿಂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ನಾನು ಕರೆಯಬೇಕೆಂದು ಬಾಯಿ ತೆರೆದು ಮುಚ್ಚಿಕೊಂಡೆ. ಬಂದರೆ ಅವಳಾಗಿಯೇ ಬರಬೇಕು. ಬರದಿದ್ದರೆ ಅದೂ ಅವಳ ನ್ಯಾಯವೇ. ಅವಳ ನಿದ್ದೆ ಆ ಸಂದಿನ ಆಚೆ ಬಾಗಿಲಲ್ಲೇ ನಿಂತಿತ್ತು, ಇನ್ನೊಂದು ನಿಮಿಷ ಅವಳು ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಅತ್ತೆಯೂ ಅವಳನ್ನು ಬಾ ಅನ್ನಲಿಲ್ಲ. ಅವಳ ಕಡೆ ನೋಡಿ, “ಚೀಲ ಇಳಿಸು ಪುಟ್ಟಿ, ಬೆನ್ನು ನೋಯುತ್ತೆ,” ಅಂದರು ಅಷ್ಟೆ.

ಅವಳು ಚೀಲ ಇಳಿಸಲಿಲ್ಲ. ಚೀಲದ ಜೊತೆಗೇ ಬಂದು, ನನ್ನ ಮೊಣಕೈ ಕೆಳಗೆ ನುಸುಳಿ, ಬೆಂಚು ಹತ್ತಿ ಅಜ್ಜಿಯ ಪಕ್ಕೆಗೆ ಒತ್ತಿಕೊಂಡು ಕೂತಳು. ಒದ್ದೆ ಕೈಯನ್ನು ತನ್ನ ಲಂಗಕ್ಕೆ ಎರಡು ಸಲ ಒರೆಸಿದಳು. ಆಮೇಲೆ ಆ ಸಣ್ಣ ಅಂಗೈಯನ್ನು ಸಂದಿನೊಳಗೆ ತೂರಿಸಿ, ಐದು ಬೆರಳನ್ನೂ ಅಗಲಿಸಿ ಅದುಮಿದಳು. ಅತ್ತೆ ಕಣ್ಣು ಮುಚ್ಚಿ ಉಸಿರು ಬಿಟ್ಟರು. “ಹಾಂ. ಈಗ ಬೆಚ್ಚಗಾಯ್ತು.”

ಜಗಲಿಯ ಮುಂದಿನ ಗಾಳಿಯಲ್ಲಿ ಏನೋ ಸ್ವಲ್ಪ ಹೊತ್ತು ನಿಂತು, ಮುಂದಿನ ಮನೆಯ ಕಡೆಗೆ ಹೋದಂತಾಯಿತು. ಯಾರೂ ತಿರುಗಿ ನೋಡಲಿಲ್ಲ, ಸುನಂದ ಕೂಡ. ಎಲ್ಲರೂ ಹಿಡಿದುಕೊಂಡೇ ಇದ್ದೆವು.

ಕೌಮುದಿ ಹೊಸ ತೋಳನ್ನು ಹಿಡಿದದ್ದು ಅದೇ ಮೊದಲು. ಅವಳ ಕೈ ಸ್ವಲ್ಪವೂ ಸಡಿಲವಾಗಲಿಲ್ಲ. ಮುಖ ಮೇಲೆತ್ತಿ ಅಜ್ಜಿಯನ್ನೇ ನೋಡುತ್ತ, ಇಷ್ಟು ದಿನ ಊರಿನ ತೋಳುಗಳನ್ನೆಲ್ಲ ಕೇಳಿ ಬಂದವಳು, ಕೇಳಬೇಕಾದವರನ್ನು ಕೇಳಿದಳು.

“ಅಜ್ಜಿ, ಅದು ಯಾರ ಮನೆಗೆ ಹೋಗತ್ತೋ, ಇನ್ಮೇಲೆ ನಾನೂ ಅವರ ಮನೇಲೇ ಇರ್ಬೇಕಾ?”